ಬಾಯಿ ಮೊದಲು, ಮಾತು ಆಮೇಲೆ: ಟಿವಿ ನಿಜವಾಗಿ ಕೆಟ್ಟಿದೆಯಾ?

ಪ್ರಶ್ನೆ: ಎರಡು ತಿಂಗಳ ಹಿಂದೆ 55 ಇಂಚಿನ ಟಿವಿ ತಗೊಂಡೆವು. ನಮ್ಮ ಅಮ್ಮನಿಗೆ 74 ವರ್ಷ, ಕಿವಿ ಸ್ವಲ್ಪ ಮಂದ. ಟಿವಿಯ ದನಿ ಅವರಿಗೆ ಸಾಲುವುದಿಲ್ಲ ಅಂತ ಸೌಂಡ್‌ಬಾರ್ ಕೂಡ ತಂದೆವು. ಗೋಡೆ ಮೇಲೆ ವೈರ್ ಕಾಣಬಾರದು ಅಂತ ಫಿಟ್ ಮಾಡಲು ಬಂದವರು ಟಿವಿಗೂ ಸೌಂಡ್‌ಬಾರ್‌ಗೂ ಬ್ಲೂಟೂತ್‌ನಲ್ಲೇ ಜೋಡಿಸಿ ಹೋದರು. ಅವತ್ತಿನಿಂದ ಅಮ್ಮ ಒಂದೇ ಮಾತು ಹೇಳುತ್ತಿದ್ದಾರೆ, "ಬಾಯೊಂದು ಮಾತೊಂದು ಆಗಿದೆ ಕಣೋ, ಏನು ಹೇಳ್ತಾರೆ ಅಂತಾನೇ ತಿಳಿಯಲ್ಲ." ಮನೆಯ ಉಳಿದವರಿಗೆ ಅಷ್ಟೇನೂ ಅನ್ನಿಸಿರಲಿಲ್ಲ. ಗಮನಿಸಿ ನೋಡಿದರೆ ಹೌದು, ಧಾರಾವಾಹಿಯಲ್ಲಿ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ವಿಚಿತ್ರ ಏನೆಂದರೆ ಟಿವಿಯೊಳಗಿನ ಆ್ಯಪ್‌ಗಳಲ್ಲಿ ಸಿನಿಮಾ ನೋಡಿದರೆ ಸರಿಯಾಗಿರುತ್ತದೆ, ಡಿಟಿಎಚ್ ಸೆಟ್‌ಟಾಪ್ ಬಾಕ್ಸ್ ಹಾಕಿದರೆ ಮಾತ್ರ ಈ ತೊಂದರೆ. ನೆಂಟರ ಹುಡುಗ ಗೇಮ್ ಮೋಡ್ ಹಾಕಿದ, ಇನ್ನೂ ಜಾಸ್ತಿ ಆಯಿತು. ಒಬ್ಬ ರಿಪೇರಿಯವರು ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿ ಅಂದರು, ಇನ್ನೊಬ್ಬರು ಟಿವಿಯ ಬೋರ್ಡೇ ಬದಲಿಸಬೇಕು ಅಂದರು. ಇದರ ಜೊತೆಗೆ ಇನ್ನೆರಡು. ತಂಗಿ ಮದುವೆಯ ವಿಡಿಯೋ ಶುರುವಿನಲ್ಲಿ ಸರಿಯಿದ್ದು ಕೊನೆಗೆ ಬರುವಷ್ಟರಲ್ಲಿ ಮಂತ್ರಕ್ಕೂ ಪುರೋಹಿತರ ಬಾಯಿಗೂ ಹೊಂದುವುದೇ ಇಲ್ಲ. ಆ್ಯಪ್‌ನಲ್ಲಿ ಕ್ರಿಕೆಟ್ ನೋಡಿದರೆ ಪಕ್ಕದ ಮನೆಯವರು ನಮಗಿಂತ ಮೊದಲೇ ಕೂಗುತ್ತಾರೆ. ಇದೆಲ್ಲ ಟಿವಿಯದೇ ದೋಷವಾ? ವಾಪಸ್ ಕೊಡಬೇಕಾ? (ಓದುಗರು, ದಾವಣಗೆರೆ)

ಉತ್ತರ: ಮೊದಲು ನೆಮ್ಮದಿಯ ಮಾತು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಟಿವಿ ಕೆಟ್ಟಿಲ್ಲ. ಬೋರ್ಡ್ ಬದಲಿಸಬೇಡಿ. ದುಬಾರಿ ಕೇಬಲ್‌ಗೂ ದುಡ್ಡು ಹಾಕಬೇಡಿ. ಇನ್ನೊಂದು, ನಿಮ್ಮ ಅಮ್ಮ ಹೇಳುತ್ತಿರುವುದು ನೂರಕ್ಕೆ ನೂರು ಸರಿ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದು ಅವರಿಗೇ ತಿಳಿಯಿತು ಅನ್ನುವುದು ನನಗೆ ಆಶ್ಚರ್ಯವೇ ಅಲ್ಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಒಂದೇ ಕಾಗದದಲ್ಲಿ ಮೂರು ತೊಂದರೆ ಬರೆದಿದ್ದೀರಿ. ಮೂರೂ ಬೇರೆ ಬೇರೆ. ಧಾರಾವಾಹಿಯಲ್ಲಿ ಮಾತು ಯಾವಾಗಲೂ ಒಂದೇ ಅಳತೆಯಷ್ಟು ಹಿಂದಿರುತ್ತದೆ. ಮದುವೆ ವಿಡಿಯೋದಲ್ಲಿ ಶುರುವಿಗೆ ಸರಿಯಿದ್ದು ಹೋಗ್ತಾ ಹೋಗ್ತಾ ಅಂತರ ಬೆಳೆಯುತ್ತದೆ. ಕ್ರಿಕೆಟ್‌ನಲ್ಲಿ ದನಿ, ಚಿತ್ರ ಎರಡೂ ಜೊತೆಯಾಗೇ ಇವೆ, ಎರಡೂ ಸೇರಿ ತಡವಾಗಿ ಬರುತ್ತಿವೆ ಅಷ್ಟೇ. ರಿಪೇರಿಗೆ ಬಂದವರು ಈ ಮೂರನ್ನೂ "ಸಿಂಕ್ ಪ್ರಾಬ್ಲಂ" ಅಂತ ಒಂದೇ ಚೀಲಕ್ಕೆ ತುಂಬಿದರೆ ಮದ್ದು ತಪ್ಪುತ್ತದೆ. ನಿಮ್ಮ ವಿಷಯದಲ್ಲಿ ಆಗಿದ್ದೂ ಅದೇ.

ಅಮ್ಮನ ತೊಂದರೆಯಿಂದ ಶುರು ಮಾಡೋಣ, ಮುಖ್ಯವಾದದ್ದು ಅದೇ ಅಲ್ವಾ.

ಹಳೆಯ ಕಾಲದ ಡಬ್ಬ ಟಿವಿಯಲ್ಲಿ ಈ ಕಾಟ ಇರಲಿಲ್ಲ. ಆಂಟೆನಾಗೆ ಬಂದ ಸಿಗ್ನಲ್ ಆ ಕ್ಷಣಕ್ಕೇ ಚಿತ್ರ ಆಗುತ್ತಿತ್ತು, ದನಿ ಆಗುತ್ತಿತ್ತು. ನಡುವೆ ಯಾರೂ ಯಾವುದನ್ನೂ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಈಗಿನದು ಹಾಗಲ್ಲ. ವಾಹಿನಿಯವರು ಚಿತ್ರವನ್ನು ಒಂದು ಕಡೆ, ದನಿಯನ್ನು ಇನ್ನೊಂದು ಕಡೆ ಕುಗ್ಗಿಸಿ, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ, ಎರಡನ್ನೂ ಬೆರೆಸಿ ಕಳಿಸುತ್ತಾರೆ. ಎರಡೂ ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಹಾಗಾದರೆ ಯಾವ ತುಟಿಗೆ ಯಾವ ಮಾತು ಅಂತ ಬಾಕ್ಸ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಚಿತ್ರಕ್ಕೂ ದನಿಗೂ ಸಮಯದ ಮುದ್ರೆ ಒತ್ತಿರುತ್ತಾರೆ, ಸೆಕೆಂಡಿಗೆ 90,000 ಎಣಿಕೆಯ ಲೆಕ್ಕದಲ್ಲಿ. ಇದರ ಜೊತೆಗೆ ವಾಹಿನಿಯ ಗಡಿಯಾರ ಈಗ ಎಷ್ಟು ತೋರಿಸುತ್ತಿದೆ ಅನ್ನುವ ಸುದ್ದಿಯೂ ಪದೇ ಪದೇ ಬರುತ್ತಿರುತ್ತದೆ, ಸೆಕೆಂಡಿಗೆ ಕನಿಷ್ಠ 10 ಸಲ. ಸೆಟ್‌ಟಾಪ್ ಬಾಕ್ಸ್ ತನ್ನ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಂಡು, ಒಂದೇ ಸಮಯದ ಮುದ್ರೆಯಿರುವ ಚಿತ್ರ ಮತ್ತು ದನಿಯನ್ನು ಒಟ್ಟಿಗೆ ಹೊರಗೆ ಬಿಡುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ನಿಮ್ಮ ಬಾಕ್ಸ್‌ನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ಕೇಬಲ್‌ನಲ್ಲಿ ತುಟಿ, ಮಾತು ಜೊತೆಯಾಗೇ ಇವೆ. ಆದರೆ ಕೇಬಲ್‌ಗೆ ಬಂದ ಮೇಲೆ ಆ ಮುದ್ರೆಗಳು ಇರುವುದಿಲ್ಲ. ಚಿತ್ರ ಟಿವಿಯ ಒಂದು ದಾರಿ ಹಿಡಿಯುತ್ತದೆ, ದನಿ ಇನ್ನೊಂದು ದಾರಿ. ಅಲ್ಲಿಂದ ಮುಂದೆ ಯಾರು ಎಷ್ಟು ತಡ ಮಾಡಿದರು ಅಂತ ಟಿವಿ ತಾನೇ ಅಂದಾಜು ಮಾಡಬೇಕು.

ಚಿತ್ರದ ದಾರಿಯಲ್ಲಿ ಟಿವಿ ಏನೇನೋ ಮಾಡುತ್ತದೆ. ನಮ್ಮ ಪ್ರಸಾರ ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರದ) ಪದ್ಧತಿಯದು, ಅಂದರೆ ಒಂದು ಪೂರ್ತಿ ಫ್ರೇಮ್‌ಗೆ 40 ಮಿಲಿಸೆಕೆಂಡ್. ಓಡಾಟ ನಯವಾಗಿ ಕಾಣಲಿ ಅಂತ ಟಿವಿ ಎರಡು ಫ್ರೇಮುಗಳ ನಡುವೆ ಹೊಸದೊಂದನ್ನು ತಾನೇ ಕಲ್ಪಿಸಿ ಸೇರಿಸುತ್ತದೆ. ಅದಕ್ಕೆ ಮುಂದಿನ ಫ್ರೇಮ್ ಬರುವ ತನಕ ಕಾಯಲೇಬೇಕು. ಚಿತ್ರದ ಮಸುಕು ತೆಗೆಯಲು, ದೊಡ್ಡದು ಮಾಡಲು ಇನ್ನಷ್ಟು ಸಮಯ. ಹೀಗೆ ಚಿತ್ರ ತಡವಾಗುತ್ತದೆ. ಟಿವಿಯ ಸ್ವಂತ ಸ್ಪೀಕರ್ ಬಳಸಿದರೆ ತೊಂದರೆಯಿಲ್ಲ, ತನ್ನ ಚಿತ್ರ ಎಷ್ಟು ತಡ ಅಂತ ಅದಕ್ಕೆ ಗೊತ್ತು, ದನಿಯನ್ನೂ ಅಷ್ಟೇ ಹೊತ್ತು ಹಿಡಿದು ಬಿಡುತ್ತದೆ.

ಬ್ಲೂಟೂತ್ ಹಾಕಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ದನಿಯನ್ನು ಮತ್ತೆ ಕುಗ್ಗಿಸಬೇಕು, ಪ್ಯಾಕೆಟ್ ಮಾಡಿ ಗಾಳಿಯಲ್ಲಿ ಕಳಿಸಬೇಕು. ಆ ಗಾಳಿ ಖಾಲಿಯಿಲ್ಲ. ನಿಮ್ಮ ಮನೆಯ ವೈಫೈ, ಪಕ್ಕದ ಮನೆಯ ವೈಫೈ, ಅಡುಗೆಮನೆಯ ಮೈಕ್ರೋವೇವ್, ಎಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಮಾಡುತ್ತಿರುತ್ತವೆ. ಕಳೆದುಹೋದ ಪ್ಯಾಕೆಟ್ ಮತ್ತೆ ಕಳಿಸಬೇಕು. ದನಿ ಕಡಿದು ಕಡಿದು ಬರಬಾರದು ಅಂತ ಸೌಂಡ್‌ಬಾರ್ ಸ್ವಲ್ಪ ದನಿಯನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಇದೆಲ್ಲ ಸೇರಿ ಸಾಮಾನ್ಯ ಬ್ಲೂಟೂತ್‌ನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡ ಆಗುವುದು ಮಾಮೂಲು. ಅಂದರೆ ಸುಮಾರು ಕಾಲು ಸೆಕೆಂಡು. ಮಾತಿನಲ್ಲಿ ಅದು ಹತ್ತಿರ ಹತ್ತಿರ ಒಂದು ಅಕ್ಷರದ ಹೊತ್ತು.

ಈಗ ನಿಮ್ಮ ವಿಚಿತ್ರಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಡೀ ಕಾಗದದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಸಾಲು ಅದೇ. ಆ್ಯಪ್‌ನಲ್ಲಿ ಸರಿ, ಡಿಟಿಎಚ್‌ನಲ್ಲಿ ತಪ್ಪು. ಆ್ಯಪ್ ಟಿವಿಯ ಒಳಗೇ ಇದೆ. ಸಿನಿಮಾದ ಮುಂದಿನ ಭಾಗ ಅದರ ಕೈಯಲ್ಲಿ ಮೊದಲೇ ಇರುತ್ತದೆ. ಬ್ಲೂಟೂತ್ ದನಿ ತಡವಾಗುತ್ತದೆ ಅಂತ ಗೊತ್ತಾದರೆ ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸಬಹುದು. ಸೆಟ್‌ಟಾಪ್ ಬಾಕ್ಸ್‌ನಿಂದ ಎಚ್‌ಡಿಎಂಐ ಮೂಲಕ ಬರುವ ಚಿತ್ರ ಹಾಗಲ್ಲ, ಹರಿದು ಬರುತ್ತಲೇ ಇರುತ್ತದೆ. ಅದನ್ನು ಕಾಲು ಸೆಕೆಂಡು ಹಿಡಿದಿಡುವ ಏರ್ಪಾಡು ಹೆಚ್ಚಿನ ಟಿವಿಗಳಲ್ಲಿ ಇರುವುದಿಲ್ಲ. ಬೋರ್ಡ್ ಕೆಟ್ಟಿದ್ದರೆ ಆ್ಯಪ್‌ಗೊಂದು ನ್ಯಾಯ, ಡಿಟಿಎಚ್‌ಗೊಂದು ನ್ಯಾಯ ಅಂತ ಇಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ.

ಈ ಕೆಲಸದಲ್ಲಿ ನಾನು ಕೊನೆಗೆ ನೆಚ್ಚುವುದು ಒಂದೇ ನಿಯಮ. ತಡವಾಗಿದ್ದನ್ನು ಯಾವ ಬಟನ್ ಒತ್ತಿದರೂ ಬೇಗ ತರುವುದಕ್ಕಾಗುವುದಿಲ್ಲ, ಬೇಗ ಬಂದದ್ದನ್ನು ಮಾತ್ರ ತಡೆಯಬಹುದು. ಜಾತ್ರೆಗೆ ಹೊರಟ ಇಬ್ಬರಲ್ಲಿ ಮುಂದೆ ಹೋದವನನ್ನು ನಿಲ್ಲು ಅನ್ನಬಹುದು, ಇನ್ನೂ ಮನೆಯಿಂದಲೇ ಹೊರಡದವನು ಆಗಲೇ ಅಲ್ಲಿರುವುದು ಸಾಧ್ಯವಿಲ್ಲ ತಾನೆ. ಸೌಂಡ್‌ಬಾರ್ ರಿಮೋಟ್‌ನಲ್ಲಿ "ಎವಿ ಸಿಂಕ್" ಅಥವಾ "ಆಡಿಯೋ ಡಿಲೇ" ಅಂತ ಇರುತ್ತದೆ. ಜನ ಅದನ್ನೇ ಮೇಲೆ ಕೆಳಗೆ ಮಾಡಿ ಸುಸ್ತಾಗುತ್ತಾರೆ. ಅದು ದನಿಯನ್ನು ಇನ್ನಷ್ಟು ತಡ ಮಾಡುವ ಗುಂಡಿ. ನಿಮ್ಮಲ್ಲಿ ದನಿ ಆಗಲೇ ಹಿಂದಿದೆ, ಅದರಿಂದ ನಿಮಗೆ ಪ್ರಯೋಜನವಿಲ್ಲ. ಈಗ ಅದು ಸೊನ್ನೆಯಲ್ಲಿದೆಯಾ ಅಂತ ಒಮ್ಮೆ ನೋಡಿಬಿಡಿ, ಯಾರಾದರೂ ಮುಟ್ಟಿರಬಹುದು.

ಗೇಮ್ ಮೋಡ್ ಹಾಕಿದಾಗ ಯಾಕೆ ಜಾಸ್ತಿ ಆಯಿತು ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಗೇಮ್ ಮೋಡ್ ಚಿತ್ರದ ಮೇಲಿನ ಕೆಲಸವನ್ನೆಲ್ಲ ಬಿಟ್ಟು ಆದಷ್ಟು ಬೇಗ ತೋರಿಸುತ್ತದೆ. ಆಟ ಆಡುವವರಿಗೆ ಅದು ಬೇಕು. ನಿಮ್ಮಲ್ಲಿ ಚಿತ್ರ ಮೊದಲೇ ಮುಂದಿತ್ತು, ಇನ್ನೂ ಮುಂದೆ ಓಡಿತು, ದನಿ ಇದ್ದಲ್ಲೇ ಉಳಿಯಿತು. ಹುಡುಗ ಹೇಳಿದ್ದು ತಪ್ಪೇನಲ್ಲ, ದನಿ ಮುಂದೆ ಚಿತ್ರ ಹಿಂದೆ ಇರುವ ಮನೆಯಲ್ಲಿ ಅದೇ ಸರಿಯಾದ ಮದ್ದು. ನಿಮ್ಮ ಕಾಯಿಲೆ ಅದರ ಉಲ್ಟಾ.

ಕೇಬಲ್ ಮಾತು. ಎಚ್‌ಡಿಎಂಐ ಕೇಬಲ್ ಕೆಟ್ಟರೆ ಚಿತ್ರದಲ್ಲಿ ಚುಕ್ಕಿ ಮಿನುಗುತ್ತದೆ, ಪರದೆ ಕಪ್ಪಾಗುತ್ತದೆ, ದನಿ ಕಡಿಯುತ್ತದೆ. ದನಿ ತಡವಾಗುವುದಿಲ್ಲ. ಕೇಬಲ್‌ನಲ್ಲಿ ಸಿಗ್ನಲ್ ಒಂದು ಮೀಟರ್ ದಾಟಲು ಸುಮಾರು 5 ನ್ಯಾನೊಸೆಕೆಂಡ್ ಸಾಕು. ಆ ಲೆಕ್ಕದಲ್ಲಿ 200 ಮಿಲಿಸೆಕೆಂಡ್ ತಡ ಆಗಬೇಕಾದರೆ ಕೇಬಲ್ 40,000 ಕಿಲೋಮೀಟರ್ ಉದ್ದ ಇರಬೇಕು, ಅಂದರೆ ಭೂಮಿಗೆ ಒಂದು ಸುತ್ತು. ಚಿನ್ನದ ಲೇಪ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಿಮಗೆ ಕೇಬಲ್ ಬೇಕು ನಿಜ. ಆದರೆ ಅವರು ಹೇಳಿದ ಜಾಗಕ್ಕಲ್ಲ, ಮತ್ತು ದುಬಾರಿಯದ್ದಲ್ಲ. ಇಂಟರ್ನೆಟ್ ವೇಗ ಹೆಚ್ಚಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಅದೂ ಬೇಡ, ಡಿಟಿಎಚ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಅಮ್ಮನ ವಿಷಯ. ದನಿ ಮತ್ತು ಚಿತ್ರದ ನಡುವೆ ಎಷ್ಟು ಅಂತರ ಇದ್ದರೆ ಜನರಿಗೆ ತಿಳಿಯುತ್ತದೆ ಅನ್ನುವುದಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಅಂಕಿ ಕೊಟ್ಟಿದೆ. ದನಿ ಮುಂದಾದರೆ 45 ಮಿಲಿಸೆಕೆಂಡಿಗೇ ಕಣ್ಣಿಗೆ ಹೊಡೆಯುತ್ತದೆ. ದನಿ ಹಿಂದಾದರೆ 125ರ ತನಕ ಗೊತ್ತಾಗುವುದಿಲ್ಲ. ಯಾಕೆ ಈ ವ್ಯತ್ಯಾಸ ಅಂದರೆ ನಾವು ಹುಟ್ಟಿನಿಂದ ನೋಡಿರುವುದೇ ಹಾಗೆ. ಶಬ್ದ ಸೆಕೆಂಡಿಗೆ 343 ಮೀಟರ್ ಮಾತ್ರ ಓಡುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಮೇಲಿನ ಸಾಲಿನಲ್ಲಿ ಕೂತವರಿಗೆ ಬ್ಯಾಟ್ ಬೀಸಿದ್ದು ಮೊದಲು ಕಾಣುತ್ತದೆ, ಟಕ್ ಅನ್ನುವುದು ಆಮೇಲೆ ಕೇಳುತ್ತದೆ. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಶಬ್ದ ಮೊದಲು, ಬೀಸಿದ್ದು ಆಮೇಲೆ ಅಂತ ಪ್ರಕೃತಿಯಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದನ್ನು ಮೆದುಳು ಸಹಿಸುವುದಿಲ್ಲ.

ಈ ಅಂಕಿಗಳು ಚೆನ್ನಾಗಿ ಕಿವಿ ಕೇಳುವವರಿಗೆ. ಕಿವಿ ಮಂದವಾದವರು ತಮಗೇ ಗೊತ್ತಿಲ್ಲದೆ ಅರ್ಧ ಮಾತನ್ನು ಕಣ್ಣಿನಿಂದ ಹಿಡಿಯುತ್ತಾರೆ. ಗದ್ದಲದ ನಡುವೆ ಮಾತಾಡುವವರ ಮುಖ ಕಂಡರೆ ಮಾತು ಎಷ್ಟೋ ಹೆಚ್ಚು ತಿಳಿಯುತ್ತದೆ ಅನ್ನುವುದನ್ನು 1954ರಷ್ಟು ಹಿಂದೆಯೇ ಪ್ರಯೋಗದಲ್ಲಿ ತೋರಿಸಿದ್ದಾರೆ. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಅನ್ನುವ ಸಂಶೋಧಕರು ಇನ್ನೂ ಮುಂದೆ ಹೋದರು. "ಬಾ" ಅನ್ನುವ ದನಿಯನ್ನು "ಗಾ" ಅನ್ನುತ್ತಿರುವ ಬಾಯಿಗೆ ಜೋಡಿಸಿ ತೋರಿಸಿದರೆ ಬಹಳ ಜನಕ್ಕೆ "ದಾ" ಅಂತ ಕೇಳಿಸಿತು. ಕಿವಿಗೆ ಬಿದ್ದದ್ದನ್ನೇ ಕಣ್ಣು ತಿದ್ದಿಬಿಡುತ್ತದೆ. ಈಗ ಯೋಚಿಸಿ, ನಿಮ್ಮ ಅಮ್ಮನ ಕಿವಿ ಒಂದು ಅಕ್ಷರ ಕೇಳುವಾಗ ಕಣ್ಣು ಮುಂದಿನ ಅಕ್ಷರ ನೋಡುತ್ತಿದೆ. ಸಹಾಯ ಮಾಡಬೇಕಾದ ಕಣ್ಣೇ ದಾರಿ ತಪ್ಪಿಸುತ್ತಿದೆ. ನಿಮಗೆ ಅದು ಚಿಕ್ಕ ಕಿರಿಕಿರಿ, ಅವರಿಗೆ ಮಾತೇ ತಿಳಿಯದ ಸ್ಥಿತಿ. ದನಿ ಜೋರು ಮಾಡಿದರೂ ಇದು ಸರಿಯಾಗುವುದಿಲ್ಲ. "ಅಮ್ಮನಿಗೆ ವಯಸ್ಸಾಯಿತು, ಸುಮ್ನೆ ಏನೋ ಹೇಳ್ತಾರೆ" ಅಂತ ಎಷ್ಟೋ ಮನೆಗಳಲ್ಲಿ ತಳ್ಳಿಹಾಕುವುದನ್ನು ನೋಡಿದ್ದೇನೆ. ನೀವು ಹಾಗೆ ಮಾಡದೆ ಕೇಳಿದ್ದೀರಿ, ನನಗೆ ತುಂಬಾ ಸಂತೋಷವಾಯಿತು.

ಏನು ಮಾಡಬೇಕು? ಮೊದಲು ಖಾತ್ರಿ ಮಾಡಿಕೊಳ್ಳಿ. ಯಾವುದಾದರೂ ಕನ್ನಡ ವಾರ್ತಾ ವಾಹಿನಿ ಹಾಕಿ, ನಿರೂಪಕರ ಮುಖ ದೊಡ್ಡದಾಗಿ ಕಾಣಬೇಕು. ಪ, ಬ, ಮ ಬರುವ ಮಾತುಗಳನ್ನು ಗಮನಿಸಿ, ಈ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ನೋಡಿ, ಆಮೇಲೆ ಬ್ಲೂಟೂತ್ ಸೌಂಡ್‌ಬಾರ್‌ನಲ್ಲಿ ನೋಡಿ. ಮೊದಲಿನದು ಸರಿ, ಎರಡನೆಯದು ತಪ್ಪು ಅಂತ ಕಂಡರೆ ತೀರ್ಮಾನ ಆಯಿತು. ಅಳತೆಯೇ ಬೇಕು ಅಂದರೆ ಪರದೆಯನ್ನು ಮೊಬೈಲ್‌ನಲ್ಲಿ 60 ಫ್ರೇಮ್ ವೇಗದಲ್ಲಿ ಶೂಟ್ ಮಾಡಿ, ಎಡಿಟ್ ಮಾಡುವ ಆ್ಯಪ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಪರೀಕ್ಷೆಗೆ ಡಬ್ಬಿಂಗ್ ಆದ ಸಿನಿಮಾ, ಧಾರಾವಾಹಿ ಮಾತ್ರ ಬೇಡ. ಅಲ್ಲಿ ನಟರು ತೆಲುಗಿನಲ್ಲೋ ತಮಿಳಿನಲ್ಲೋ ಆಡಿದ ತುಟಿಗೆ ಕನ್ನಡ ಕೂರಿಸಿರುತ್ತಾರೆ, ಅದನ್ನು ಯಾವ ಟಿವಿಯೂ ಸರಿ ಮಾಡಲಾರದು. ಒಂದೇ ವಾಹಿನಿಯಲ್ಲಿ ಮಾತ್ರ ತಪ್ಪಿದ್ದು, ಬೇರೆ ಕಂಪನಿಯ ಡಿಟಿಎಚ್ ಇರುವ ಮನೆಯಲ್ಲೂ ಹಾಗೇ ಇದ್ದರೆ ಅದು ವಾಹಿನಿಯ ಕಡೆಯ ತಪ್ಪು. ಜೋರು ಮಳೆಯಲ್ಲಿ ಸಿಗ್ನಲ್ ಕಡಿದು ಬಂದ ಮೇಲೆ ತುಟಿ ತಪ್ಪಿದರೆ ಬಾಕ್ಸನ್ನು ಸ್ವಿಚ್‌ನಲ್ಲೇ ಆಫ್ ಮಾಡಿ ಆನ್ ಮಾಡಿ, ಗಡಿಯಾರ ಮತ್ತೆ ಹೊಂದಿಕೊಳ್ಳುತ್ತದೆ.

ಖಾತ್ರಿ ಆದ ಮೇಲೆ ನಾನು ಮೊದಲು ಹೇಳುವುದು ಬ್ಲೂಟೂತ್ ಬಿಟ್ಟುಬಿಡಿ ಅಂತ. ಟಿವಿಯ ಹಿಂದೆ ಒಂದು ಎಚ್‌ಡಿಎಂಐ ತೂತಿನ ಪಕ್ಕ "ಎಆರ್‌ಸಿ" ಅಥವಾ "ಇ-ಎಆರ್‌ಸಿ" ಅಂತ ಬರೆದಿರುತ್ತದೆ. ಟಿವಿಯ ದನಿಯನ್ನು ಸೌಂಡ್‌ಬಾರ್‌ಗೆ ಕಳಿಸುವ ದಾರಿ ಅದು, ಇ-ಎಆರ್‌ಸಿ ಅದರ ಹೊಸ ರೂಪ. ಸೌಂಡ್‌ಬಾರ್‌ನಲ್ಲೂ ಅದೇ ಹೆಸರಿನದು ಇರುತ್ತದೆ. ಅವೆರಡರ ನಡುವೆ ಒಂದು ಸಾಧಾರಣ ಕೇಬಲ್ ಹಾಕಿ, ಮೇಲೆ "ಹೈಸ್ಪೀಡ್ ವಿತ್ ಈಥರ್‌ನೆಟ್" ಅಂತ ಇದ್ದರೆ ಸಾಕು. ಟಿವಿಯ ಸೆಟ್ಟಿಂಗ್‌ನಲ್ಲಿ ದನಿ ಎಲ್ಲಿಗೆ ಹೋಗಬೇಕು ಅನ್ನುವ ಕಡೆ ಎಆರ್‌ಸಿ ಆರಿಸಿ, ಹಳೆಯ ಬ್ಲೂಟೂತ್ ಜೋಡಣೆಯನ್ನು ಅಳಿಸಿಬಿಡಿ, ಇಲ್ಲದಿದ್ದರೆ ಅದು ಮತ್ತೆ ತಾನಾಗಿ ಜೋಡಿಕೊಳ್ಳುತ್ತದೆ. ಇ-ಎಆರ್‌ಸಿ ಎರಡೂ ಕಡೆ ಇದ್ದರೆ ಇನ್ನೂ ಒಳ್ಳೆಯದು. ತುಟಿ-ಮಾತಿನ ಅಂತರವನ್ನು ಉಪಕರಣಗಳು ತಾವೇ ಸರಿಪಡಿಸಿಕೊಳ್ಳುವ ಏರ್ಪಾಡು 2006ರ ಎಚ್‌ಡಿಎಂಐ 1.3ರಲ್ಲೇ ಬಂದಿತ್ತು, ಆದರೆ ತಯಾರಕರು ಇಷ್ಟವಿದ್ದರೆ ಹಾಕುವುದು, ಇಲ್ಲದಿದ್ದರೆ ಬಿಡುವುದು ಅಂತಿತ್ತು. ಇ-ಎಆರ್‌ಸಿಯಲ್ಲಿ ಅದು ಕಡ್ಡಾಯ.

ಇದರಲ್ಲೂ ಸಣ್ಣಪುಟ್ಟ ತಲೆನೋವು ಇದೆ, ಮೊದಲೇ ಹೇಳಿಬಿಡುತ್ತೇನೆ. ಎಆರ್‌ಸಿ ಹಾಕಿದ ಮೇಲೆ ಟಿವಿ ಆನ್ ಮಾಡಿದರೆ ಸೌಂಡ್‌ಬಾರೂ ಆನ್ ಆಗುತ್ತದೆ, ಒಂದು ರಿಮೋಟ್ ಇನ್ನೊಂದನ್ನು ಆಳುತ್ತದೆ. ಹೆಚ್ಚಿನವರಿಗೆ ಅನುಕೂಲ, ಕೆಲವರಿಗೆ ಗೊಂದಲ. ಒಮ್ಮೊಮ್ಮೆ ಎರಡರ ನಡುವೆ ಮಾತುಕತೆ ಕೆಟ್ಟು ದನಿಯೇ ಬರುವುದಿಲ್ಲ, ಆಗ ಎರಡನ್ನೂ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು. ಇನ್ನೂ ಚೂರು ತಡ ಇದೆ ಅನ್ನಿಸಿದರೆ ಟಿವಿಯ ಡಿಜಿಟಲ್ ಆಡಿಯೋ ಸೆಟ್ಟಿಂಗನ್ನು "ಆಟೋ"ದಿಂದ "ಪಿಸಿಎಂ"ಗೆ, ಅಂದರೆ ಕುಗ್ಗಿಸದ ದನಿಗೆ, ಬದಲಿಸಿ. ಸೌಂಡ್‌ಬಾರ್‌ಗೆ ಡಾಲ್ಬಿ ವಿಧಾನದಲ್ಲಿ ಕುಗ್ಗಿಸಿದ ದನಿ ಬಿಚ್ಚುವ ಕೆಲಸ ತಪ್ಪುತ್ತದೆ. ಸಾಮಾನ್ಯ ಎಆರ್‌ಸಿಯಲ್ಲಿ ಹೀಗೆ ಮಾಡಿದರೆ ಸಿನಿಮಾದ ಸುತ್ತುದನಿ ಹೋಗಿ ಸ್ಟೀರಿಯೋ ಮಾತ್ರ ಸಿಗುತ್ತದೆ. ವಾರ್ತೆಗೆ, ಧಾರಾವಾಹಿಗೆ ನಷ್ಟವಿಲ್ಲ. ಸಿನಿಮಾದಲ್ಲಿ ಮಾತಿಗೆಂದೇ ನಡುವಿನ ಸ್ಪೀಕರ್ ಇರುವ ಸೌಂಡ್‌ಬಾರ್ ಆದರೆ ಮಾತು ಸ್ವಲ್ಪ ಮಂಕಾಗಬಹುದು, ಅಮ್ಮನನ್ನು ಕೂರಿಸಿ ಎರಡೂ ಕೇಳಿಸಿ ನೋಡಿ, ಅವರು ಯಾವುದು ಚೆಂದ ಅನ್ನುತ್ತಾರೋ ಅದನ್ನೇ ಇಡಿ.

ಸೌಂಡ್‌ಬಾರ್‌ನಲ್ಲಿ ಎಚ್‌ಡಿಎಂಐ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ ಹಾಕಿ. ಅದೂ ಬ್ಲೂಟೂತ್‌ಗಿಂತ ಎಷ್ಟೋ ಮೇಲು. ಆದರೆ ಅದರಲ್ಲಿ ಟಿವಿಗೂ ಸೌಂಡ್‌ಬಾರ್‌ಗೂ ತಡದ ಲೆಕ್ಕ ಹೇಳಿಕೊಳ್ಳುವ ದಾರಿಯಿಲ್ಲ, ಹಾಗಾಗಿ ಕೈಯಿಂದ ಹೊಂದಿಸಬೇಕಾಗಬಹುದು. ಆಪ್ಟಿಕಲ್ ಕೇಬಲನ್ನು ಟಿವಿಯಿಂದ ಎಳೆಯುತ್ತೀರಾ, ಸೆಟ್‌ಟಾಪ್ ಬಾಕ್ಸ್‌ನಿಂದಲೇ ನೇರ ಎಳೆಯುತ್ತೀರಾ ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ. ಬಾಕ್ಸ್‌ನಿಂದ ನೇರ ಹೋದರೆ ದನಿ ಮುಂದೆ, ಚಿತ್ರ ಹಿಂದೆ ಆಗುವ ಸಂಭವ ಜಾಸ್ತಿ. ಆಗ ಬೇಕು ನೋಡಿ ಆ "ಆಡಿಯೋ ಡಿಲೇ" ಗುಂಡಿ. ಸ್ವಲ್ಪ ಸ್ವಲ್ಪವೇ ಏರಿಸಿ. ಅಥವಾ ಟಿವಿಯಲ್ಲಿ ಓಡಾಟ ನಯ ಮಾಡುವ ಸೆಟ್ಟಿಂಗ್ ಆಫ್ ಮಾಡಿಬಿಡಿ, ಚಿತ್ರವೇ ಬೇಗ ಬರುತ್ತದೆ. ಆ ಸೆಟ್ಟಿಂಗ್ ಎಲ್ಲರ ಮುಖವನ್ನೂ ಮೇಣದ ಹಾಗೆ ಕಾಣಿಸುತ್ತದೆ ಅನ್ನುವುದು ನನ್ನ ಸ್ವಂತ ಅಭಿಪ್ರಾಯ, ಹೋದರೆ ಏನೂ ನಷ್ಟವಿಲ್ಲ.

ಗೋಡೆ ಮೇಲೆ ವೈರ್ ಕಾಣುತ್ತದೆ ಅನ್ನುವುದು ನಿಮ್ಮ ಮೂಲ ಚಿಂತೆ. ಟಿವಿ ಕೆಳಗೇ ಸೌಂಡ್‌ಬಾರ್ ಇದ್ದರೆ ಒಂದು ಅಡಿಯಷ್ಟು ಕೇಬಲ್ ಮಾತ್ರ ಕಾಣುತ್ತದೆ, ಗೋಡೆ ಬಣ್ಣದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಮುಚ್ಚಬಹುದು. ಅಮ್ಮನಿಗೆ ಮಾತು ತಿಳಿಯುವುದರ ಮುಂದೆ ಅದು ದೊಡ್ಡದಲ್ಲ.

ಇಷ್ಟಾದರೂ ಅವರಿಗೆ ಸಾಲದಿದ್ದರೆ ಹೆಡ್‌ಫೋನ್ ಯೋಚಿಸಬಹುದು. ಆದರೆ ಅವಸರದಲ್ಲಿ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್ ತರಬೇಡಿ, ಅದೇ ಕಾಲು ಸೆಕೆಂಡಿನ ಕಾಟ ಸೌಂಡ್‌ಬಾರ್‌ನಿಂದ ಕಿವಿಗೆ ಬಂದು ಕೂರುತ್ತದೆ. ತಡ ಕಡಿಮೆ ಇರುವ ಬ್ಲೂಟೂತ್ ತಂತ್ರಗಳೂ ಇವೆ, ಸುಮಾರು 40 ಮಿಲಿಸೆಕೆಂಡಿನವು. ಕಳಿಸುವ ಕಡೆ, ಕೇಳುವ ಕಡೆ ಎರಡರಲ್ಲೂ ಅದೇ ತಂತ್ರ ಇದ್ದರೆ ಮಾತ್ರ ಉಪಯೋಗ, ಒಂದು ಕಡೆ ಇಲ್ಲದಿದ್ದರೆ ಸದ್ದಿಲ್ಲದೆ ಹಳೆಯ ವಿಧಾನಕ್ಕೆ ಜಾರುತ್ತದೆ. ಟಿವಿಗೆಂದೇ ಸ್ಟ್ಯಾಂಡ್ ಸಮೇತ ಬರುವ ರೇಡಿಯೋ ಹೆಡ್‌ಫೋನ್ ಅಥವಾ ಸುಮ್ನೆ ಉದ್ದ ವೈರಿನದ್ದು ಇದಕ್ಕಿಂತ ನಂಬಿಕೆಗೆ ಅರ್ಹ. ಒಂದು ವಿಷಯ ನೋಡಿಕೊಳ್ಳಿ. ಕೆಲವು ಟಿವಿಗಳಲ್ಲಿ ಹೆಡ್‌ಫೋನ್ ಹಾಕಿದ ಕೂಡಲೇ ಉಳಿದವರ ದನಿ ಬಂದ್ ಆಗುತ್ತದೆ, ಎರಡೂ ಒಟ್ಟಿಗೆ ಬರುವ ಸೆಟ್ಟಿಂಗ್ ಇದೆಯಾ ಅಂತ ಕೊಳ್ಳುವ ಮೊದಲೇ ಹುಡುಕಿ. ಮತ್ತೆ, ಅಮ್ಮನ ಕಿವಿಯನ್ನು ಒಮ್ಮೆ ಆಡಿಯಾಲಜಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ. ಟಿವಿ ಮುಂದೆ ಮಾತು ತಿಳಿಯದವರಿಗೆ ಊಟದ ಹೊತ್ತಿನ ಮಾತೂ ಅರ್ಧಂಬರ್ಧ ಕೇಳುತ್ತಿರಬಹುದು, ಅವರು ಹೇಳಿಕೊಂಡಿರುವುದಿಲ್ಲ.

ಮದುವೆ ವಿಡಿಯೋಗೆ ಬರೋಣ. ನಿಧಾನವಾಗಿ ಬೆಳೆಯುವ ಅಂತರಕ್ಕೆ ಕಾರಣ ಎರಡು ಗಡಿಯಾರ. ಕ್ಯಾಮೆರಾದಲ್ಲಿ ಚಿತ್ರ, ಬೇರೆ ರೆಕಾರ್ಡರ್‌ನಲ್ಲಿ ಮಂತ್ರ ಮತ್ತು ನಾದಸ್ವರ ಹಿಡಿದು ಆಮೇಲೆ ಸೇರಿಸಿದ್ದಾರಾ ಅಂತ ಕೇಳಿ. ಪ್ರತಿ ಉಪಕರಣದಲ್ಲೂ ಸಮಯ ಎಣಿಸುವ ಒಂದು ಕ್ರಿಸ್ಟಲ್ ಇರುತ್ತದೆ. ಎರಡು ಕ್ರಿಸ್ಟಲ್ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 0.18 ಸೆಕೆಂಡು ತಪ್ಪುತ್ತದೆ. ಶುರುವಿನಲ್ಲಿ ಹೊಂದಿಸಿದ್ದು ಎರಡು ಗಂಟೆ ಕಳೆದು ಮಾಂಗಲ್ಯಧಾರಣೆ ಬರುವ ಹೊತ್ತಿಗೆ ಮೂರನೇ ಒಂದು ಸೆಕೆಂಡಿಗಿಂತ ಜಾಸ್ತಿ ಹೋಗಿರುತ್ತದೆ. ಇದಕ್ಕಿಂತ ಬೇಗ ತಪ್ಪುತ್ತಿದ್ದರೆ ಫ್ರೇಮಿನ ವೇಗದ ಎಡವಟ್ಟು ಇರಬಹುದು. ಸೆಕೆಂಡಿಗೆ 23.976 ಫ್ರೇಮಿನ ಚಿತ್ರವನ್ನು 24 ಅಂತ ತಿಳಿದು ಓಡಿಸಿದರೆ ಗಂಟೆಗೆ 3.6 ಸೆಕೆಂಡು ಹೋಗುತ್ತದೆ, ಮೂರು ನಿಮಿಷಕ್ಕೇ ಕಣ್ಣಿಗೆ ಕಾಣುತ್ತದೆ. ಮೊಬೈಲ್‌ನಲ್ಲಿ ತೆಗೆದದ್ದಾದರೆ ಇನ್ನೊಂದು ಅನುಮಾನ. ಎಷ್ಟೋ ಫೋನ್‌ಗಳು ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ, ಬೆಳಕು ಕಡಿಮೆಯಾದರೆ ಅಥವಾ ಫೋನ್ ಬಿಸಿಯಾದರೆ ಏರುಪೇರಾಗುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಅದನ್ನು ಸಮ ಅಂತ ಭಾವಿಸಿಬಿಡುತ್ತದೆ.

ಖುಷಿ ಏನೆಂದರೆ ಇದು ಸರಿಹೋಗುತ್ತದೆ, ಮೂಲ ಫೈಲ್ ಇದ್ದರೆ. ಹಾಗಾಗಿ ಮೊದಲು ಸ್ಟುಡಿಯೋದವರಿಗೆ ಫೋನ್ ಮಾಡಿ, ಮೂಲ ಚಿತ್ರ ಮತ್ತು ಮೂಲ ದನಿ ಅಳಿಸಬೇಡಿ ಅಂತ ಹೇಳಿ. ಇದು ಇವತ್ತೇ ಮಾಡಬೇಕಾದ ಕೆಲಸ. ಜಾಗ ಬೇಕು ಅಂತ ಸ್ಟುಡಿಯೋಗಳು ಹಳೆಯದನ್ನು ಅಳಿಸುತ್ತಿರುತ್ತವೆ. ದನಿ ಬೇರೆ ಹಿಡಿದಿದ್ದರೆ ಶುರುವಿನ ಒಂದು ಗುರುತು, ಕೊನೆಯ ಒಂದು ಗುರುತು ಹಿಡಿದು ದನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಸಾಕು, ಇಷ್ಟು ಚಿಕ್ಕ ಬದಲಾವಣೆಯಿಂದ ಶ್ರುತಿ ಕೆಟ್ಟಿದ್ದು ಯಾರ ಕಿವಿಗೂ ಗೊತ್ತಾಗುವುದಿಲ್ಲ. ಮೊಬೈಲ್ ಫೈಲಾದರೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫ್ರೇಮಿನ ವೇಗ ಸ್ಥಿರವಾಗಿರಲಿ ಅನ್ನುವ ಆಯ್ಕೆ ಕೊಟ್ಟು ಪರಿವರ್ತಿಸಿ, ಆಮೇಲೆ ಎಡಿಟ್ ಮಾಡಬೇಕು. ಸೇರಿಸಿಬಿಟ್ಟ ಕೊನೆಯ ಫೈಲ್ ಮಾತ್ರ ಉಳಿದಿದ್ದರೂ ಕೈಚೆಲ್ಲಬೇಕಿಲ್ಲ, ಅದರಿಂದಲೇ ದನಿ ಬೇರೆ ಮಾಡಿ ಹೊಂದಿಸಬಹುದು, ಮತ್ತೆ ಕುಗ್ಗಿಸುವುದರಿಂದ ಗುಣಮಟ್ಟ ಸ್ವಲ್ಪ ಇಳಿಯುತ್ತದೆ ಅಷ್ಟೇ.

ಕ್ರಿಕೆಟ್‌ನದ್ದು ದೋಷವೇ ಅಲ್ಲ. ಡಿಟಿಎಚ್‌ನಲ್ಲಿ ಸಿಗ್ನಲ್ ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರುತ್ತದೆ, ಆ ಪ್ರಯಾಣಕ್ಕೆ ಕಾಲು ಸೆಕೆಂಡು ಸಾಕು. ಉಳಿದ ತಡ ಕುಗ್ಗಿಸುವ, ಬಿಚ್ಚುವ ಕೆಲಸದ್ದು. ಆ್ಯಪ್‌ನಲ್ಲಿ ಆಟವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತಾರೆ. ತುಂಡಿಗೆ 6 ಸೆಕೆಂಡು ಅಂತಿಟ್ಟುಕೊಂಡರೂ, ನೆಟ್ ಏರುಪೇರಾದರೆ ನಿಲ್ಲಬಾರದು ಅಂತ ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಪ್ಲೇಯರ್ ತೋರಿಸಲು ಶುರು ಮಾಡಿದರೆ ಅಲ್ಲಿಗೇ 18 ಸೆಕೆಂಡು ಹೋಯಿತು. ಪಕ್ಕದ ಮನೆಯವರು ಡಿಟಿಎಚ್ ಅಥವಾ ಕೇಬಲ್ ನೋಡುತ್ತಿರುತ್ತಾರೆ. ನಿಮ್ಮ ಮನೆಯಲ್ಲೂ ಡಿಟಿಎಚ್ ಇದೆಯಲ್ಲ, ಮ್ಯಾಚ್ ದಿನ ಅದನ್ನೇ ಹಾಕಿ. ಆ್ಯಪ್‌ನಲ್ಲೇ ನೋಡಬೇಕಾದರೆ ಪಾಜ್ ಒತ್ತಿ ನಿಲ್ಲಿಸಬೇಡಿ, ನಿಲ್ಲಿಸಿದಷ್ಟು ಹೊತ್ತು ಹಿಂದೆ ಬೀಳುತ್ತೀರಿ. "ಲೈವ್" ಅನ್ನುವ ಗುಂಡಿ ಇದ್ದರೆ ಒತ್ತಿ, ಸ್ವಲ್ಪ ಮುಂದೆ ಬರುತ್ತೀರಿ.

ವಾಪಸ್ ಕೊಡುವ ಮಾತಿಗೆ, ಟಿವಿಯನ್ನು ಕೊಡುವ ಅಗತ್ಯ ಕಾಣುವುದಿಲ್ಲ. ಬೋರ್ಡ್ ಬದಲಿಸಬೇಕು ಅಂದವರು ಮತ್ತೆ ಬಂದರೆ ಒಂದೇ ಮಾತು ಕೇಳಿ. ಬ್ಲೂಟೂತ್ ತೆಗೆದು, ಟಿವಿಯ ಸ್ವಂತ ಸ್ಪೀಕರ್‌ನಲ್ಲಿ, ಇದೇ ತೊಂದರೆ ತೋರಿಸಿ ಅಂತ. ತೋರಿಸಲು ಆಗದಿದ್ದರೆ ಬೋರ್ಡ್ ಮುಟ್ಟಲು ಬಿಡಬೇಡಿ. ನಿಜವಾಗಿ ತೋರಿಸಿದರೆ ವಾರಂಟಿ ಇನ್ನೂ ಇದೆ, ಕಂಪನಿಯ ಸರ್ವಿಸ್‌ನವರನ್ನೇ ಕರೆಸಿ, ಹೊರಗಿನವರಿಂದ ಬಿಚ್ಚಿಸಬೇಡಿ. ಕೇಬಲ್ ಹಾಕಿದ ಮೇಲೂ ಅಮ್ಮ ತಲೆ ಅಲ್ಲಾಡಿಸಿದರೆ ಟಿವಿ, ಸೌಂಡ್‌ಬಾರ್ ಮತ್ತು ಸೆಟ್‌ಟಾಪ್ ಬಾಕ್ಸ್ ಮೂರರ ಹಿಂಭಾಗದ ಫೋಟೊ ತೆಗೆದು ಕಳಿಸಿ. ಯಾವುದರಿಂದ ಯಾವುದಕ್ಕೆ ಹಾಕಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.